ಪಟ್ಟಾಯ ಸ್ಕೀಮು

ನಮ್ಮ ಕಡೆ ‘ಎಣ್ಣಿ ಹೊಡಿಯೂದು’ ಅಂದರೆ ಎರಡು ಅರ್ಥ. ಬೆನ್ನಿಗೆ ಪಂಪು ಕಟ್ಟಿಕೊಂಡು ಹೊಲದ ಸಾಲಿನಲ್ಲಿ ಹೊಡೆಯುವುದು ಒಂದು. ಸಂಜೆ ಆ ಬೆನ್ನುನೋವು ಮರೆಯಲು ಹೊಡೆಯುವುದು ಇನ್ನೊಂದು. ಮೊದಲನೆಯದನ್ನು ಮಾರುವುದು ನನ್ನ ಕಸುಬು. ಹಾವೇರಿ ಜಿಲ್ಲೆಯ ಒಂದು ಪೇಟೆ ಊರಿನಲ್ಲಿ ಬೀಜ, ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. 2019ರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮುಂದಿನ ವಾರ, ಮೊದಲನೆಯ ಎಣ್ಣೆಯ ದುಡ್ಡಿನಲ್ಲಿ ಎರಡನೆಯ ಎಣ್ಣೆಯ ಊರಿಗೆ ಹೋಗಿಬಂದೆ. ಥಾಯ್ಲೆಂಡಿನ ಪಟ್ಟಾಯಕ್ಕೆ.

ಆ ಪ್ರವಾಸದ ಒಂದು ಸಂಜೆಯ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುವಾಗ, ಅಂಗಡಿಯ ಕಟ್ಟೆಯ ಮೇಲೆ, ಬೀಗರ ಜೊತೆ ಕಾರಿನಲ್ಲಿ. ಹೇಳಿ ಹೇಳಿ ಅದು ತಿರುಗಣೆ ಕಲ್ಲಿನಂತೆ ನುಣುಪಾಗಿದೆ. ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂಬುದು ಬಾಯಿಗೆ ಗೊತ್ತು. ಕೊನೆಗೆ ಯಾರಾದರೊಬ್ಬರು ಕಣ್ಣು ಮಿಟುಕಿಸಿ, ‘ಬರೇ ನೋಡಿ ಬಂದ್ರೇನು?’ ಅನ್ನುತ್ತಾರೆ. ‘ಬರೇ ನೋಡಿ ಬಂದ್ವಿ’ ಅನ್ನುತ್ತೇನೆ. ಸುಳ್ಳಲ್ಲ. ಸುಳ್ಳಲ್ಲದ ಈ ಮಾತನ್ನೇ ಇಷ್ಟು ವರ್ಷ ಅಡ್ಡ ಹಿಡಿದುಕೊಂಡು ನಿಂತಿದ್ದೇನೆ ಎಂಬುದು ಈಚೆಗೆ ನನಗೇ ಕಿರಿಕಿರಿಯಾಗತೊಡಗಿದೆ.

ಸ್ಕೀಮು ಅಂದರೇನು ಎಂದು ಹೊರಗಿನವರಿಗೆ ಹೇಳಬೇಕು. ಮುಂಗಾರಿಗೆ ಮೊದಲು ಕಂಪನಿಯ ಏರಿಯಾ ಮ್ಯಾನೇಜರ್ ಬಣ್ಣದ ಹಾಳೆಯೊಂದನ್ನು ತಂದು ಟೇಬಲ್ಲಿನ ಗಾಜಿನ ಕೆಳಗೆ ಇಟ್ಟು ಹೋಗುತ್ತಾನೆ. ಇಷ್ಟು ಲಕ್ಷದ ಮಾಲು ಎತ್ತಿದರೆ ಬೆಳ್ಳಿ ನಾಣ್ಯ, ಇಷ್ಟಕ್ಕೆ ಬೈಕು, ಅದರ ಮೇಲೆ ಹೋದರೆ ಫಾರಿನ್ ಟೂರು. ಹಾಳೆಯ ಮೇಲೆ ‘ಬ್ಯಾಂಕಾಕ್’ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಅದು ಮನೆಯವರಿಗೆ ತೋರಿಸಲು. ವ್ಯಾಪಾರಿಗಳ ಬಾಯಲ್ಲಿ ಅದು ಪಟ್ಟಾಯ ಸ್ಕೀಮು. ನಾಲ್ಕು ತಿಂಗಳು ಬಿಲ್ ಬರೆಯುವಾಗಲೆಲ್ಲ ಆ ಗಾಜಿನ ಕೆಳಗಿನ ನೀಲಿ ಸಮುದ್ರ ನನ್ನ ಕೈಯ ಅಡಿಯಲ್ಲಿ ಇತ್ತು.

ಆ ವರ್ಷ ಹುಳವೂ ಕೈಗೂಡಿತು. ಹೀಗೆ ಬರೆಯಲು ಈಗ ನಾಚಿಕೆ, ಆದರೆ ಆಗ ನಾವು ಹಾಗೆಯೇ ಅಂದುಕೊಂಡದ್ದು. ಅಮೆರಿಕ ಖಂಡದ ಲದ್ದಿಹುಳು, ಫಾಲ್ ಆರ್ಮಿವರ್ಮ್, ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ನೆರೆಯ ಶಿವಮೊಗ್ಗದಲ್ಲಿ. ಅಲ್ಲಿಂದ ನಮ್ಮ ಗೋವಿನಜೋಳದ ಹೊಲಗಳಿಗೆ ಅದಕ್ಕೆ ಎಷ್ಟು ದೂರ? ಜೂನ್ ಕಳೆಯುವುದರೊಳಗೆ ರೈತರು ಮುರಿದ ಸುಳಿ ಹಿಡಿದುಕೊಂಡು ಅಂಗಡಿ ಮುಂದೆ ಸಾಲು ನಿಂತರು. ಸುಳಿ ಬಿಡಿಸಿದರೆ ಒಳಗೆ ಗರಗಸದ ಪುಡಿಯಂಥ ಲದ್ದಿ, ಅದರ ನಡುವೆ ಹಣೆಯ ಮೇಲೆ ‘ವೈ’ ಅಕ್ಷರ ತಲೆಕೆಳಗು ಬರೆದುಕೊಂಡ ಹುಳ.

ಇಲಾಖೆಯವರು ಹೇಳಿದ ಔಷಧಿ ಸರಳವಿತ್ತು. ಎಮಾಮೆಕ್ಟಿನ್ ಬೆಂಜೊಯೇಟ್, ಲೀಟರ್ ನೀರಿಗೆ 0.4 ಗ್ರಾಂ, ಸುಳಿಯೊಳಗೆ ಬೀಳುವಂತೆ. ಅಷ್ಟನ್ನೇ ಕೊಟ್ಟು ಕಳಿಸಬಹುದಿತ್ತು. ನಾನು ಅದರ ಪಕ್ಕದಲ್ಲಿ ಟಾನಿಕ್ಕಿನ ಬಾಟಲಿಯೊಂದನ್ನು ಇಡುತ್ತಿದ್ದೆ. ಕಡಲ ಪಾಚಿಯ ರಸ, ಮೇಲೆ ಹಸಿರು ತೆನೆಯ ಚಿತ್ರ. ಅದರಿಂದ ಬೆಳೆಗೆ ಕೇಡಿಲ್ಲ. ಹುಳ ತಿಂದ ಸುಳಿಗೆ ಉಪಕಾರವೂ ಇಲ್ಲ. ಸ್ಕೀಮಿನ ಅಂಕಗಳು ಇದ್ದದ್ದು ಆ ಬಾಟಲಿಯಲ್ಲಿ. ಯೂರಿಯಾ ಚೀಲದಲ್ಲಿ ನಮಗೇನೂ ಉಳಿಯುವುದಿಲ್ಲ. 45 ಕೆ.ಜಿ. ಚೀಲ, 266 ರೂಪಾಯಿ 50 ಪೈಸೆ, ಸರ್ಕಾರ ಕಟ್ಟಿಕೊಟ್ಟ ದರ. ಹಾಗಾಗಿ ಯೂರಿಯಾ ಕೇಳಿಬಂದವರಿಗೂ ಬಾಟಲಿ. ಇದಕ್ಕೆ ನಮ್ಮಲ್ಲಿ ‘ಲಿಂಕ್’ ಅನ್ನುತ್ತಾರೆ. ಲಿಂಕ್ ಮಾಡಬಾರದು ಎಂದು ಇಲಾಖೆ ಹೇಳುತ್ತಲೇ ಇರುತ್ತದೆ, ಕಂಪನಿ ನಮಗೆ ಮಾಡುತ್ತಲೇ ಇರುತ್ತದೆ, ನಾವು ರೈತನಿಗೆ.

ಒಬ್ಬ ಅಜ್ಜನ ಮುಖ ಬೇರೆಯಾಗಿ ನೆನಪಿದೆ. ಎರಡೆಕರೆ ಗೋವಿನಜೋಳ. ಓದು ಬರಹ ಇಲ್ಲ. ಖಾತೆಗೆ ಬರೆಸಿ ಸುಗ್ಗಿಗೆ ತೀರಿಸುವವರು, ಒಮ್ಮೆಯೂ ತಪ್ಪಿಸಿದವರಲ್ಲ. ‘ಇದನ್ನೂ ಕೂಡಿಸಿ ಹೊಡೀರಿ ಅಜ್ಜಾರ, ಬೆಳಿ ಚೇತರಿಸಿಕೊಂತೈತಿ’ ಅಂದೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿ, ‘ನೀವು ಕೊಟ್ಟಿರಿ ಅಂದ್ರ ಅದು ಬೇಕಾಗಿದ್ದೇ ಇರ್ತೈತಿ ಬಿಡ್ರಿ’ ಅಂದರು. ಒಂದಲ್ಲ, ಎರಡು ಬಾಟಲಿ ಬರೆದುಕೊಂಡೆ. ಎಕರೆಗೊಂದು.

ಸೆಪ್ಟೆಂಬರ್ ಕೊನೆಯಲ್ಲಿ ಟಾರ್ಗೆಟ್ಟಿಗೆ ಮೂವತ್ತೆಂಟು ಬಾಕ್ಸ್ ಕಮ್ಮಿ ಬಿತ್ತು. ಏರಿಯಾ ಮ್ಯಾನೇಜರ್ ಬಂದು ಸ್ಟೂಲಿನ ಮೇಲೆ ಕೂತ. ನನ್ನ ಮಗನ ವಯಸ್ಸಿನ ಹುಡುಗ. ‘ಅಣ್ಣಾರ, ಎತ್ತಿಬಿಡ್ರಿ. ನಿಮಗ ಟೂರು, ನನಗ ನೌಕರಿ’ ಅಂದ. ಎತ್ತಿದೆ. ಅವು ಗೋದಾಮಿನಲ್ಲಿ ಕೂತವು, ನಂತರ ಹಿಂಗಾರಿಗೆ ಕಡಲೆ ಬಿತ್ತುವವರ ಹೊಲಕ್ಕೆ ಹೋದವು.

ಬೆಂಗಳೂರಿನಿಂದ ನಡುರಾತ್ರಿಯ ವಿಮಾನ. ನಲವತ್ತೆರಡು ಮಂದಿ ವ್ಯಾಪಾರಿಗಳು, ಒಬ್ಬ ಹೆಣ್ಣುಮಗಳೂ ಇಲ್ಲ. ಎಲ್ಲರಿಗೂ ಕಂಪನಿಯ ಹೆಸರಿನ ಒಂದೇ ಬಣ್ಣದ ಟೋಪಿ. ಬ್ಯಾಗುಗಳಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹಿಂಡಿ, ಒಬ್ಬರು ಗುರೆಳ್ಳು ಚಟ್ನಿಯನ್ನು ಬಿಸ್ಲೇರಿ ಬಾಟಲಿಯಲ್ಲಿ ತುಂಬಿ ತಂದಿದ್ದರು. ಪಟ್ಟಾಯದ ಹೋಟೆಲ್ ರೂಮಿನಲ್ಲಿ ನನ್ನ ಜೊತೆಗಾರರು ಮೊದಲ ಸಂಜೆಯೇ ಕೊರಳಿನ ಶಿವದಾರ ತೆಗೆದು ಕಣ್ಣಿಗೊತ್ತಿಕೊಂಡು, ಕಪಾಟಿನ ಲಾಕರಿನಲ್ಲಿ ಪಾಸ್‌ಪೋರ್ಟಿನ ಪಕ್ಕ ಇಟ್ಟು ನಂಬರ್ ಒತ್ತಿದರು. ‘ಅಂವಾ ಯಾಕ ನೋಡಬೇಕ್ರಿ ಇದನ್ನೆಲ್ಲ’ ಅಂದರು. ನಾನು ತೆಗೆಯಲಿಲ್ಲ. ತೆಗೆಯದಿದ್ದುದಕ್ಕೆ ಒಳಗೊಳಗೇ ಎಷ್ಟು ಉಬ್ಬಿದೆ ಅಂದರೆ, ಊರಿಗೆ ಬಂದ ಮೇಲೆ ಕಥೆಯಲ್ಲಿ ಅದೂ ಒಂದು ಪ್ರಸಂಗವಾಯಿತು. ಅವರು ದೇವರಿಗಾದರೂ ನಾಚಿದರು. ನಾನು ಅವನನ್ನು ಅಂಗಿಯೊಳಗೆ ಇಟ್ಟುಕೊಂಡೇ ಹೋದೆ.

ಎರಡನೆಯ ದಿನ ಮಧ್ಯಾಹ್ನ ಒಂದು ರತ್ನದ ಅಂಗಡಿಗೆ ಕರೆದೊಯ್ದರು. ಎದೆಗೆ ಸ್ಟಿಕ್ಕರ್ ಅಂಟಿಸಿ, ಆಟದ ರೈಲಿನಲ್ಲಿ ಕೂರಿಸಿ, ಕತ್ತಲ ಗುಹೆಯಲ್ಲಿ ಭೂಮಿಯೊಳಗೆ ಕಲ್ಲು ಹುಟ್ಟುವ ಕಥೆ ತೋರಿಸಿದರು. ರೈಲು ಇಳಿದ ಬಾಗಿಲು ತೆರೆದದ್ದು ನೇರ ಅಂಗಡಿಯೊಳಗೆ. ಹೊರಗೆ ಹೋಗುವ ದಾರಿ ಎಲ್ಲ ಕೌಂಟರುಗಳನ್ನೂ ಸುತ್ತಿ ಬರುತ್ತಿತ್ತು. ಹಿಂದಿ ಬಲ್ಲ ಹುಡುಗ ಬೆನ್ನಿಗೆ ಬಿದ್ದ. ಎದೆಯ ಸ್ಟಿಕ್ಕರಿನಿಂದ ಯಾವ ಟೂರಿನ ಕುರಿ ಎಂದು ಗೊತ್ತಾಗುತ್ತದೆ, ಕಮಿಷನ್ ಆ ಲೆಕ್ಕಕ್ಕೆ ಹೋಗುತ್ತದೆ. ಥಾಯ್ಲೆಂಡಿನ ಚಂತಬುರಿ ಮಾಣಿಕ್ಯ, ನೀಲಮಣಿಗಳ ದೊಡ್ಡ ಪೇಟೆ, ಮಂಕು ಕಲ್ಲನ್ನು ಕುಲುಮೆಯಲ್ಲಿ ಕಾಯಿಸಿ ಬಣ್ಣ ಏರಿಸುವುದರಲ್ಲಿ ಅಲ್ಲಿಯವರ ಕೈ ಪಳಗಿದ್ದು. ನಾನು ಏನೂ ಕೊಳ್ಳಲಿಲ್ಲ. ಕಸುಬು ಬಲ್ಲವನನ್ನು ಕಸುಬು ಬಲ್ಲವನು ಕೆಡಿಸಲಾರ ಎಂದು ನಕ್ಕೆ. ಆ ನಗು ಸಂಜೆಯವರೆಗೂ ಬಾಳಲಿಲ್ಲ.

ಸಂಜೆ ಬೀಚ್ ರೋಡಿನಿಂದ ಒಳಗೆ ಹೊಕ್ಕರೆ ಸಿಗುವ ಸಂತೆ. ಆನೆ ಚಿತ್ರದ ಪಾಯಿಜಾಮ, ಬೆನ್ನು ಕೆರೆದರೆ ವಟಗುಟ್ಟುವ ಮರದ ಕಪ್ಪೆ, ಒಣಗಿಸಿದ ಮಾವು, ಹುಣಸೆಹಣ್ಣಿನ ಮಿಠಾಯಿ, ಮುಲಾಮಿನ ಡಬ್ಬಿಗಳ ಗುಡ್ಡೆ. ಅಲ್ಲಿ ಭಾಷೆ ಬೇಡ, ಕ್ಯಾಲ್ಕುಲೇಟರ್ ಸಾಕು. ಅಂಗಡಿಯವಳು ಒತ್ತಿ ತೋರಿಸುತ್ತಾಳೆ, ನೀವು ಅಳಿಸಿ ಒತ್ತಿ ತೋರಿಸಬೇಕು. ಮುಲಾಮಿನ ಅಂಗಡಿಯ ಹೆಂಗಸು ನನ್ನ ಹೆಂಡತಿಯ ವಯಸ್ಸಿನವಳು. ಆರು ಡಬ್ಬಿಗೆ 240 ಒತ್ತಿದಳು. ನಾನು 150 ಒತ್ತಿದೆ. ಅವಳು 220. ನಾನು ಹೊರಟುಹೋಗುವವನಂತೆ ನಾಲ್ಕು ಹೆಜ್ಜೆ ನಡೆದೆ, ನನ್ನ ಅಂಗಡಿಯಲ್ಲಿ ಗಿರಾಕಿಗಳು ಮಾಡುವ ಅದೇ ನಾಟಕ. ಕೂಗಿ ಕರೆದು 200ಕ್ಕೆ ಕೊಟ್ಟಳು.

ದುಡ್ಡು ಕೊಟ್ಟ ಮೇಲೆ ಅವಳೊಂದು ಕೆಲಸ ಮಾಡಿದಳು. ನಾನು ಕೊಟ್ಟ ನೋಟುಗಳನ್ನು ಹಿಡಿದು ಅಂಗಡಿಯ ಮಾಲಿನ ಮೇಲೆಲ್ಲ ತಟ್ಟಿಕೊಂಡು ಬಂದಳು. ಮುಲಾಮಿನ ಮೇಲೆ, ಕಪ್ಪೆಗಳ ಮೇಲೆ, ಪಾಯಿಜಾಮಗಳ ಮೇಲೆ. ತುಟಿ ಏನೋ ಮಣಮಣ ಅನ್ನುತ್ತಿತ್ತು. ಯಾರೂ ಹೇಳಬೇಕಾಗಲಿಲ್ಲ, ನನಗೆ ತಿಳಿಯಿತು. ಬೋಣಿ! ಆ ಸಂಜೆಯ ಮೊದಲ ಗಿರಾಕಿ ನಾನು. ನಾನೂ ದಿನಾ ಬೆಳಿಗ್ಗೆ ಮೊದಲ ನೋಟನ್ನು ಕಣ್ಣಿಗೊತ್ತಿ ಗಲ್ಲಾಪೆಟ್ಟಿಗೆಗೆ ಮುಟ್ಟಿಸುವವನು. ಬೋಣಿಯ ಹೊತ್ತಿಗೆ ಚೌಕಾಸಿ ಮಾಡುವ ಗಿರಾಕಿಯನ್ನು ಮನಸ್ಸಿನಲ್ಲೇ ಬೈಯುವವನು. ಆ ನಲವತ್ತು ಬಾತ್ ಹಿಂದಕ್ಕೆ ಕೊಡಬೇಕು ಅನ್ನಿಸಿತು. ಆಗ ಒಂದು ಬಾತ್‌ಗೆ ನಮ್ಮದು ಎರಡೂಕಾಲು ರೂಪಾಯಿ, ಅಂದರೆ ತೊಂಬತ್ತು ರೂಪಾಯಿ. ಅನ್ನಿಸಿತು, ಕೊಡಲಿಲ್ಲ. ಹಿಂದಿನಿಂದ ಯಾರೋ ‘ಅಣ್ಣಾರ ಭಾರೀ ಇಳಿಸಿದ್ರಿ’ ಅಂದರು. ಆ ಮೆಚ್ಚುಗೆ ಬಿಟ್ಟುಕೊಡಲಾಗಲಿಲ್ಲ.

ಊಟ ಒಂದು ಇಂಡಿಯನ್ ಹೋಟೆಲಿನಲ್ಲಿ. ಪನೀರು, ದಾಲು. ಅದರ ಬಗ್ಗೆ ಹೇಳಲು ಏನಿಲ್ಲ. ಆಮೇಲೆ ಟೂರ್ ಮ್ಯಾನೇಜರ್ ಹುಡುಗ, ‘ಇನ್ನ ಮುಂದ ನಿಮ್ಮ ಫ್ರೀ ಟೈಮ್ ರೀ, ಬೆಳಿಗ್ಗೆ ಎಂಟಕ್ಕ ಬಸ್ಸು’ ಎಂದು ಬಾವುಟ ಮಡಚಿದ. ಫ್ರೀ ಟೈಮ್ ಅನ್ನುವಾಗ ನಮ್ಮಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ.

ಅಲ್ಲಿಯ ಟಂಟಂ ಅಂದರೆ ಹಿಂದೆ ಎರಡು ಬೆಂಚು ಹಾಕಿದ ಪಿಕಪ್ ಗಾಡಿ. ತಲೆಯ ಮೇಲಿನ ಗುಂಡಿ ಒತ್ತಿದಲ್ಲಿ ನಿಲ್ಲುತ್ತದೆ, ಆಗ ತಲೆಗೆ ಹತ್ತು ಬಾತ್ ಇತ್ತು. ಆರು ಮಂದಿ ಹತ್ತಿ ವಾಕಿಂಗ್ ಸ್ಟ್ರೀಟಿನ ಬಾಯಲ್ಲಿ ಇಳಿದೆವು. ಸಂಜೆಯಾದ ಮೇಲೆ ಆ ಬೀದಿಗೆ ಗಾಡಿ ಬಿಡುವುದಿಲ್ಲ. ಜಾತ್ರೆಯಲ್ಲಿ ತೇರಿನ ಬೀದಿ ಇದ್ದ ಹಾಗೆ ಭುಜಕ್ಕೆ ಭುಜ. ತಲೆಯ ಮೇಲೆ ಬಣ್ಣಬಣ್ಣದ ದೀಪ, ಹಾಡಿಗೆ ಹಾಡು ಡಿಕ್ಕಿ ಹೊಡೆದು ಯಾವುದೂ ಕೇಳುವುದಿಲ್ಲ. ಕೈಯಲ್ಲಿ ಪಟ್ಟಿ ಹಿಡಿದ ಗಂಡಸರು ನಮ್ಮ ಟೋಪಿ ನೋಡಿಯೇ ‘ನಮಸ್ತೆ, ನಮಸ್ತೆ, ಸಸ್ತಾ ಹೈ’ ಎಂದು ಅಡ್ಡ ಬಂದರು. ಟೋಪಿಗಳು ಒಂದೊಂದಾಗಿ ಜೇಬು ಸೇರಿದವು.

ಒಂದು ತಳ್ಳುಗಾಡಿಯ ಮುಂದೆ ನನ್ನ ಕಾಲು ತಾನಾಗಿ ನಿಂತಿತು. ತಟ್ಟೆಗಳಲ್ಲಿ ಗುಡ್ಡೆ ಗುಡ್ಡೆಯಾಗಿ ಮಿಡತೆ, ಚಿಮ್ಮಂಡೆ, ರೇಷ್ಮೆಹುಳದ ಗೂಡಿನೊಳಗಿನ ಕೋಶ, ಬಿದಿರಿನೊಳಗೆ ಬೆಳೆಯುವ ಬಿಳಿ ಹುಳ. ಎಣ್ಣೆಯಲ್ಲಿ ಕರಿದು, ಮೇಲೆ ಸಾಸ್ ಚಿಮುಕಿಸಿ, ಪೊಟ್ಟಣ ಕಟ್ಟಿ ಕೊಡುತ್ತಾಳೆ. ಊರೆಲ್ಲ ಹುಳಕ್ಕೆ ಎಣ್ಣೆ ಹೊಡೆಸಿದವನು, ಎಣ್ಣೆಯಲ್ಲಿ ಹುಳ ಕರಿಯುವವಳ ಮುಂದೆ ನಿಂತಿದ್ದೆ. ಫೋಟೊ ತೆಗೆದರೆ ಹತ್ತು ಬಾತ್ ಎಂದು ಹಲಗೆ ಇತ್ತು. ಹತ್ತು ಬಾತ್ ಕೊಡದೆ, ಜೊತೆಯವರ ಭುಜದ ಮರೆಯಿಂದ ಕದ್ದು ತೆಗೆದೆ. ಆ ಫೋಟೊ ಈಗಲೂ ನನ್ನ ಮೊಬೈಲಿನಲ್ಲಿದೆ. ಮನೆಯವರಿಗೆ ತೋರಿಸಬಹುದಾದ ಆ ರಾತ್ರಿಯ ಒಂದೇ ಫೋಟೊ ಅದು.

ಪಟ್ಟಾಯ ಹೀಗಾದದ್ದು ಹೇಗೆ ಎಂದು ಊರಿಗೆ ಬಂದ ಮೇಲೆ ಓದಿಕೊಂಡೆ. ಮೀನುಗಾರರ ಹಳ್ಳಿ. ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ ಹತ್ತಿರದ ಉ-ತಪಾವ್ ವಾಯುನೆಲೆಯಿಂದ ಅಮೆರಿಕದ ಬಿ-52 ಬಾಂಬರುಗಳು ಏರುತ್ತಿದ್ದವು, ರಜೆ ಸಿಕ್ಕ ಸಿಪಾಯಿಗಳು ಈ ಕಡಲ ದಂಡೆಗೆ ಬರುತ್ತಿದ್ದರು. 1975ರಲ್ಲಿ ಯುದ್ಧ ಮುಗಿಯಿತು, ಸಿಪಾಯಿಗಳು ಹೋದರು, ಅವರಿಗಾಗಿ ತೆರೆದ ಬಾಗಿಲುಗಳು ಮುಚ್ಚಲಿಲ್ಲ. ಅದೇ ಯುದ್ಧದಲ್ಲಿ ಕಾಡುಗಳ ಮೇಲೆ ಸುರಿದ ಏಜೆಂಟ್ ಆರೆಂಜ್ ಎರಡು ಕಳೆನಾಶಕಗಳ ಮಿಶ್ರಣ, ಅದರಲ್ಲೊಂದಾದ 2,4-ಡಿ ಇವತ್ತೂ ನನ್ನ ಕಪಾಟಿನ ಎರಡನೆಯ ಸಾಲಿನಲ್ಲಿದೆ. ಡಯಾಕ್ಸಿನ್ ಎಂಬ ಘೋರ ವಿಷ ಸೇರಿಕೊಂಡದ್ದು ಇನ್ನೊಂದರ ಮೂಲಕ ಎಂದು ಗಿರಾಕಿ ಕೇಳಿದರೆ ಹೇಳಲು ಕಲಿತಿಟ್ಟುಕೊಂಡಿದ್ದೇನೆ. ಯಾವ ಗಿರಾಕಿಯೂ ಕೇಳಿಲ್ಲ.

ಬಾರು ಅಂದರೆ ಬಾಗಿಲಿಲ್ಲದ ಚಪ್ಪರ, ಉದ್ದನೆಯ ಕಟ್ಟೆ, ಎತ್ತರದ ಸ್ಟೂಲುಗಳು. ಆರು ಮಂದಿಯಲ್ಲಿ ನಾಲ್ವರು ಮುಂದೆ ಹೋದರು, ಎಲ್ಲಿಗೆಂದು ಕೇಳಲಿಲ್ಲ. ನಾನು, ರೂಮಿನ ಜೊತೆಗಾರರು ಕೂತೆವು. ಹೆಣ್ಣುಮಕ್ಕಳ ಎದೆಗೆ ನಂಬರಿನ ಬಿಲ್ಲೆ ಇತ್ತು. ನಾನು ‘ನೋಡಿದ್ದು’ ಇದನ್ನು. ಹೇಗೆ ನೋಡಿದೆ ಎಂದು ಯಾರೂ ಕೇಳಿಲ್ಲ, ಹೇಳುತ್ತೇನೆ. ದನದ ಸಂತೆಯಲ್ಲಿ ಕೊಳ್ಳುವ ಇರಾದೆ ಇಲ್ಲದವನು ಹಲ್ಲು ಎಣಿಸಿ, ಬೆನ್ನು ಸವರಿ, ಸುಳಿ ನೋಡಿ, ‘ಚಲೋ ಐತಿ’ ಎಂದು ಮುಂದಕ್ಕೆ ಹೋಗುತ್ತಾನಲ್ಲ, ಹಾಗೆ. ಕೈ ಮುಟ್ಟಲಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಒಬ್ಬಳು ಎದುರು ಬಂದು ನಿಂತಳು. ಮೂವತ್ತು ದಾಟಿದವಳು. ಎಲ್ಲಿಂದ ಬಂದಿರಿ, ಎಷ್ಟು ದಿನ, ಎಂಬ ನಾಲ್ಕು ಇಂಗ್ಲಿಷ್ ಮಾತು. ಕುಡಿದದ್ದರ ಚೀಟಿಯನ್ನು ಸುರುಳಿ ಸುತ್ತಿ ನಿಮ್ಮ ಮುಂದಿನ ಸಣ್ಣ ಬಟ್ಟಲಿನಲ್ಲಿ ಸಿಕ್ಕಿಸುತ್ತ ಹೋಗುತ್ತಾರೆ, ಏಳುವಾಗ ಎಲ್ಲ ಬಿಚ್ಚಿ ಕೂಡುವುದು. ನನ್ನ ಬಟ್ಟಲಿನಲ್ಲಿ ಎರಡು ಬಿಯರಿನ ಚೀಟಿ ಇದ್ದಾಗ ಅವಳು, ‘ಬಾಸ್, ಒನ್ ಲೇಡಿ ಡ್ರಿಂಕ್?’ ಅಂದಳು. ಅವಳಿಗೆಂದು ನಾನು ಕೊಡಿಸಬೇಕಾದ ಒಂದು ಸಣ್ಣ ಗ್ಲಾಸು, 180 ಬಾತ್, ಅದರಲ್ಲಿ ಒಂದು ಪಾಲು ಅವಳಿಗೆ. ನಾನು ತಲೆಯಾಡಿಸಿದೆ. ಅವಳು ಮುನಿಯಲಿಲ್ಲ. ಹತ್ತು ಬೆರಳು ಬಿಡಿಸಿ ತೋರಿಸಿ, ಗೋಡೆಯ ಕ್ಯಾಲೆಂಡರಿನ ಕಡೆ ಕಣ್ಣು ಹೊರಳಿಸಿ, ಒಂದು ಮಾತು ಅಂದಳು: ‘ಕೋಟಾ.’

ತಿಂಗಳು ಮುಗಿಯಲು ಒಂದು ವಾರ ಇತ್ತು. ಅವಳಿಗೆ ಹತ್ತು ಗ್ಲಾಸು ಕಮ್ಮಿ ಬಿದ್ದಿತ್ತು.

ಅಷ್ಟು ಹೊತ್ತು ಆ ಬೀದಿಯಲ್ಲಿ ಯಾವುದೂ ನನ್ನದಾಗಿರಲಿಲ್ಲ. ಬೆಳಕು ಬೇರೆ, ಗದ್ದಲ ಬೇರೆ, ಹೆಣ್ಣುಮಕ್ಕಳು ಬೇರೆ ಲೋಕದವರು. ಆ ಒಂದು ಮಾತಿಗೆ ಸ್ಟೂಲಿನ ಮೇಲೆ ಕೂತವನು ಯಾರು, ಎದುರು ನಿಂತವರು ಯಾರು ಎಂಬುದು ಅದಲು ಬದಲಾಯಿತು. ಸೆಪ್ಟೆಂಬರ್ ಕೊನೆಯ ಆ ಹುಡುಗನ ಮುಖ, ಅವನ ಮುಂದೆ ನನ್ನ ಮುಖ, ಅಜ್ಜನ ಮುಂದೆ ಬಾಟಲಿ ಇಡುವಾಗಿನ ನನ್ನ ನಗು, ಎಲ್ಲ ಅವಳ ಮುಖದಲ್ಲಿ ಇತ್ತು. ಅವಳೂ ಲಿಂಕ್ ಮಾಡುತ್ತಿದ್ದಳು. ಬಿಯರಿನ ಜೊತೆಗೆ ಒಂದು ಬಾಟಲಿ. ಒಂದೇ ಫರಕು: ತನಗೆ ಟಾರ್ಗೆಟ್ ಇದೆ ಎಂದು ಅವಳು ಬಾಯಿಬಿಟ್ಟು ಹೇಳಿದಳು. ನಾನು ಬೆಳೆ ಚೇತರಿಸಿಕೊಳ್ಳುತ್ತದೆ ಎಂದು ಹೇಳಿದ್ದೆ.

ಇದು ಆ ಕ್ಷಣದಲ್ಲೇ ಹೊಳೆಯಿತು ಎಂದು ಬರೆದರೆ ಮತ್ತೆ ಕಥೆ ಕಟ್ಟಿದ ಹಾಗೆ. ಆ ಕ್ಷಣದಲ್ಲಿ ಹೊಳೆದದ್ದು ಸಣ್ಣದು. ಅಯ್ಯೋ, ಇವಳಿಗೂ ಇದೆಯಲ್ಲ ಎಂಬ ಒಂದು ನಗು, ಅಷ್ಟೇ. ಉಳಿದದ್ದೆಲ್ಲ ಆಮೇಲೆ, ನಿದ್ದೆ ಬಾರದ ರಾತ್ರಿಗಳಲ್ಲಿ ಕೂಡಿಸಿದ ಲೆಕ್ಕ.

ಗ್ಲಾಸು ಕೊಡಿಸಿದೆ. ಒಂದಲ್ಲ, ಮೂರು. ಅವಳು ಕೈ ಮುಗಿದಳು, ನಮ್ಮ ಹಾಗೆಯೇ, ಎದೆಯ ಹತ್ತಿರ. ‘ಯೂ, ವಾಟ್ ವರ್ಕ್?’ ಅಂದಳು. ಕೀಟನಾಶಕದ ಡೀಲರ್ ಎಂಬುದನ್ನು ಆ ಗದ್ದಲದಲ್ಲಿ ಹೇಗೆ ಹೇಳುವುದು? ‘ಫಾರ್ಮರ್’ ಅಂದೆ. ಪೂರಾ ಸುಳ್ಳೂ ಅಲ್ಲ. ಅಪ್ಪನ ಹೆಸರಿನಲ್ಲಿ ನಾಲ್ಕೆಕರೆ ಇದೆ, ಕೋರಿಗೆ ಕೊಟ್ಟಿದ್ದೇವೆ. 2018ರ ಸಾಲಮನ್ನಾ ಪಟ್ಟಿಯಲ್ಲಿ ಅಪ್ಪನ ಹೆಸರೂ ಇತ್ತು. ಬೇಕಾದಾಗ ರೈತರಾಗುವುದು ನಮಗೆ ರೂಢಿ.

ಅವಳು ಜೋರಾಗಿ ನಕ್ಕಳು. ‘ನೋ ಫಾರ್ಮರ್’ ಅಂದಳು. ‘ಮೈ ಪಾಪಾ ಫಾರ್ಮರ್. ಸುರಿನ್. ರೈಸ್.’ ಆಮೇಲೆ ಗ್ಲಾಸು ಎತ್ತಿ, ನನ್ನ ಕೈಯ ಕಡೆ ಬೆರಳು ತೋರಿಸಿ, ‘ಫಾರ್ಮರ್ ನೋ ಕಮ್ ಪಟ್ಟಾಯ’ ಅಂದಳು. ನಾನು ಕೈಯನ್ನು ಕಟ್ಟೆಯ ಕೆಳಗೆ ಎಳೆದುಕೊಂಡೆ. ಸುರಿನ್ ಎಲ್ಲಿದೆ ಎಂದು ಆಮೇಲೆ ನಕಾಶೆಯಲ್ಲಿ ಹುಡುಕಿದೆ. ಇಸಾನ್ ಎಂದು ಕರೆಯುವ ಈಶಾನ್ಯ ಥಾಯ್ಲೆಂಡಿನ ಸೀಮೆ, ಮಳೆ ನಂಬಿದ ಬೇಸಾಯ, ಪ್ರಪಂಚವೆಲ್ಲ ತಿನ್ನುವ ಮಲ್ಲಿಗೆ ಪರಿಮಳದ ಅಕ್ಕಿ ಬೆಳೆಯುವ ಬಯಲು. ಬ್ಯಾಂಕಾಕ್, ಪಟ್ಟಾಯಗಳ ಗಾರೆ ಕೆಲಸಕ್ಕೆ, ಟ್ಯಾಕ್ಸಿಗೆ, ಬಾರುಗಳಿಗೆ ಜನ ಬರುವುದು ಹೆಚ್ಚಾಗಿ ಆ ಸೀಮೆಯಿಂದ. ನಮ್ಮ ಕಡೆಯವರು ಗೋವೆಗೆ, ಮಂಗಳೂರಿಗೆ ಹೋದ ಹಾಗೆ. ಅವಳ ಹೆಸರು ಕೇಳಲಿಲ್ಲ. ನಂಬರ್ ನೆನಪಿದೆ.

ರೂಮಿನ ಜೊತೆಗಾರರು ಕಿವಿಯ ಹತ್ತಿರ ಬಾಗಿ, ‘ನೀವು ಬೇಕಂದ್ರ ನಾ ಹೊಂಟೇನ್ರಿ, ಯಾರಿಗೂ ಹೇಳಂಗಿಲ್ಲ’ ಅಂದರು. ಬಾರಿಗೆ ಇಷ್ಟು ದುಡ್ಡು ಕಟ್ಟಿದರೆ ಹುಡುಗಿಯನ್ನು ಹೊರಗೆ ಕರೆದೊಯ್ಯಬಹುದು ಎಂಬ ಪದ್ಧತಿ ಬಂದ ದಿನವೇ ಎಲ್ಲರಿಗೂ ತಿಳಿದಿತ್ತು. ಥಾಯ್ಲೆಂಡಿನಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ, 1996ರ ಕಾಯಿದೆಯೇ ಇದೆ. ಅದೆಲ್ಲ ನಮ್ಮ ಲಿಂಕ್ ನಿಷೇಧ ಇದ್ದ ಹಾಗೆ, ಕಾಗದದಲ್ಲಿ. ನಾನು ‘ಬ್ಯಾಡ್ರೀ’ ಅಂದೆ.

ಈ ‘ಬ್ಯಾಡ್ರೀ’ ನನ್ನ ಕಥೆಯ ಶಿಖರ. ಇಲ್ಲಿಗೆ ಬಂದಾಗ ಕೇಳುವವರ ಕಣ್ಣಿನಲ್ಲಿ ಗೌರವ ಕಾಣುತ್ತದೆ. ಆಗ ಮನಸ್ಸಿನಲ್ಲಿ ಏನಿತ್ತು? ಮೊದಲು ಬಂದದ್ದು ಮೊಬೈಲ್. ನಲವತ್ತೆರಡು ಮೊಬೈಲುಗಳು ಆ ಬೀದಿಯಲ್ಲಿ ಓಡಾಡುತ್ತಿದ್ದವು, ಡೀಲರುಗಳ ವಾಟ್ಸಾಪ್ ಗುಂಪು ಹಾವೇರಿಯಿಂದ ದಾವಣಗೆರೆವರೆಗೆ ಹಬ್ಬಿದೆ. ಆಮೇಲೆ ಮಗಳು. ಅವಳಿಗೆ ಗಂಡು ನೋಡುತ್ತಿದ್ದೆವು, ನೋಡುತ್ತಿದ್ದ ಮನೆತನಗಳಲ್ಲಿ ಒಂದು ಇದೇ ಟೂರಿನಲ್ಲಿ ಇತ್ತು. ಆಮೇಲೆ ರೋಗ. ಆಮೇಲೆ ದುಡ್ಡು, ಬಟ್ಟಲಿನ ಚೀಟಿಗಳನ್ನು ಮನಸ್ಸಿನಲ್ಲೇ ಎರಡೂಕಾಲರಿಂದ ಗುಣಿಸುತ್ತಿದ್ದೆ. ಹೆಂಡತಿ ನೆನಪಾದದ್ದು ಇದೆಲ್ಲ ಆದ ಮೇಲೆ. ಎದುರು ನಿಂತವಳು ಬೇಕು ಬೇಡ ಅನ್ನಬಲ್ಲ ಒಂದು ಮನುಷ್ಯಜೀವ ಎಂಬುದು ಪಟ್ಟಿಯಲ್ಲಿ ಇರಲೇ ಇಲ್ಲ. ಯಾರೂ ನೋಡದ, ಪುಕ್ಕಟೆಯ, ರೋಗದ ಭಯವಿಲ್ಲದ ಒಂದು ಪಟ್ಟಾಯ ಸಿಕ್ಕಿದ್ದರೆ ನಾನು ಏನು ಅನ್ನುತ್ತಿದ್ದೆ? ಬರೆಯಲು ಕೂತಾಗ ಇದಕ್ಕೊಂದು ಗಟ್ಟಿ ಉತ್ತರ ಸಿಗುತ್ತದೆ ಅಂದುಕೊಂಡಿದ್ದೆ.

ಬಿಲ್ಲು 780 ಬಾತ್ ಆಯಿತು. ನಮ್ಮ ದುಡ್ಡಿನಲ್ಲಿ 1,755. ಎದ್ದು ಹೋಟೆಲಿಗೆ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಮಲಗಿದೆ. ಮೂರು ಗ್ಲಾಸಿನ ದಾನಿ ಎಂಬ ಹಗುರ ಇತ್ತು. ಜೊತೆಗಾರರು ಬಂದದ್ದು ಮೂರು ಗಂಟೆಗೆ. ಬೆಳಿಗ್ಗೆ ಸ್ನಾನ ಮಾಡಿ ಲಾಕರ್ ತೆರೆಯಲು ಹೋದರೆ ನಂಬರ್ ಮರೆತುಹೋಗಿತ್ತು. ಹೋಟೆಲಿನವರು ಬಂದು ತೆಗೆಯುವವರೆಗೆ ಮನುಷ್ಯ ಚಹಾ ಕೂಡ ಮುಟ್ಟಲಿಲ್ಲ. ಆ ಹೊತ್ತಿನ ಅವರ ಚಡಪಡಿಕೆ ನೆನೆದರೆ, ನಮ್ಮಿಬ್ಬರಲ್ಲಿ ನಾಚಿಕೆ ಬಲ್ಲವರು ಅವರೇ ಅನ್ನಿಸುತ್ತದೆ.

ವಾಪಸು ಬರುವಾಗ ಬ್ಯಾಂಕಾಕಿನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ, ಪಾಸ್‌ಪೋರ್ಟಿಗೆ ಮುದ್ರೆ ಬಿದ್ದ ಮೇಲೆ, ಸೆಂಟು ಸಾರಾಯಿ ಮಾರುವ ಅಂಗಡಿಗಳ ನಡುವೆ ದೊಡ್ಡದೊಂದು ಸಮುದ್ರಮಥನದ ಶಿಲ್ಪ ಇದೆ. ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ರಾಕ್ಷಸರು, ನಡುವೆ ವಾಸುಕಿ, ಮೇಲೆ ವಿಷ್ಣು. ಎಲ್ಲರೂ ಟೋಪಿ ಹಾಕಿಕೊಂಡು ಗ್ರೂಪ್ ಫೋಟೊಗೆ ನಿಂತೆವು. ಬ್ಯಾಡಗಿ ಕಡೆಯ ಒಬ್ಬರು, ‘ಹಾಲಾಹಲ ಎಲ್ಲೈತ್ರಿ ಇದ್ರಾಗ? ನಮ್ಮ ಕಂಪನಿ ಮಾಲು ಅದೇ ಅಲ್ಲೇನು’ ಅಂದರು. ಎಲ್ಲರೂ ನಕ್ಕೆವು. ಫೋಟೊದಲ್ಲಿ ಆ ನಗು ಬಿದ್ದಿದೆ, ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ತೂಗುಹಾಕಿದ್ದೇನೆ. ಯಾರು ದೇವತೆಗಳ ಕಡೆ, ಯಾರು ರಾಕ್ಷಸರ ಕಡೆ ನಿಂತಿದ್ದಾರೆ ಎಂಬುದು ನಮ್ಮ ತಲೆಗಳ ಮರೆಯಲ್ಲಿ ಗೊತ್ತಾಗುವುದಿಲ್ಲ.

ಬಂದ ನಾಲ್ಕನೆಯ ದಿನ ಅಜ್ಜ ಬಂದರು. ಗೋವಿನಜೋಳ ಮಾರಿದ ದುಡ್ಡು ಪಟಗಾದ ಚುಂಗಿನಲ್ಲಿ ಕಟ್ಟಿಕೊಂಡಿದ್ದರು. ಖಾತೆ ತೆಗೆದೆ. ಬಾಕಿ 14,600, ತಿಂಗಳಿಗೆ ನೂರಕ್ಕೆ ಎರಡರಂತೆ ಆರು ತಿಂಗಳ ಬಡ್ಡಿ 1,752. ಅಂಕಿ ಬರೆದು ನೋಡಿದಾಗ ಎಲ್ಲೋ ನೋಡಿದ ಅಂಕಿ ಅನ್ನಿಸಿತು. ಅಜ್ಜ, ‘ಹುಳ ಅರ್ಧ ತಿಂದ್ವು, ಈ ಸಲ ಬಡ್ಡಿ ಬಿಡ್ರಿ ಮಾಲಕ್ರ’ ಅಂದರು. ನಾನು ಒಂದು ಕ್ಷಣ ಪೆನ್ನು ಎತ್ತಿ ಹಿಡಿದೆ. ಆಮೇಲೆ, ‘ಮ್ಯಾಲಿಂದು ಐವತ್ತೆರಡು ಬಿಟ್ಟೇನಿ ನೋಡ್ರಿ ಅಜ್ಜಾರ’ ಅಂದೆ. ಅವರು ಎಣಿಸಿ ಕೊಟ್ಟರು.

ಅವರು ಏಳುವಾಗ ಏನೋ ಚುಚ್ಚಿದಂತಾಗಿ, ಡ್ರಾಯರಿನಿಂದ ಮುಲಾಮಿನ ಒಂದು ಡಬ್ಬಿ ತೆಗೆದೆ. ‘ಥಾಯ್ಲೆಂಡಿಂದ ತಂದೇನ್ರಿ, ಮೊಣಕಾಲಿಗೆ ಹಚ್ಚಿಕೊಳ್ರಿ’ ಎಂದು ಕೈಗಿಟ್ಟೆ. ಅಜ್ಜ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಮುಚ್ಚಳ ತೆಗೆದು ಮೂಸಿದರು, ಮತ್ತೆ ಭದ್ರ ಮಾಡಿದರು. ಆಮೇಲೆ ಮೆಲ್ಲಗೆ ಕೇಳಿದರು:

‘ಇದನ್ನೂ ಖಾತೆಗೆ ಬರದೀರೇನ್ರೀ ಮಾಲಕ್ರ?’

‘ಇಲ್ರೀ ಅಜ್ಜಾರ, ಇದು ಹಂಗ ಕೊಟ್ಟಿದ್ದು’ ಅಂದೆ. ಅವರು ಹ್ಞೂಂ ಅಂದರು. ಡಬ್ಬಿಯನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡರು. ಆದರೆ ಹೊರಡಲಿಲ್ಲ. ನಾನು ಖಾತೆ ಮುಚ್ಚಿ, ಪೆನ್ನಿಗೆ ಮುಚ್ಚಳ ಹಾಕುವವರೆಗೂ ಪುಸ್ತಕವನ್ನೇ ನೋಡುತ್ತ ನಿಂತಿದ್ದರು.